ಮಾಯಣ್ಣನ ಸ್ಕೂಟರು, ದ್ರಾಕ್ಷಾಯಣಮ್ಮನ ಕಡ್ಡಿ

ಸ್ಕೂಟರ್ ರಿಪೇರಿಗೆ ನೊಣವಿನಕೆರೆಯ ದ್ರಾಕ್ಷಾಯಣಮ್ಮನ ಹತ್ತಿರ ಹೋಗು ಅಂತ ಊರವರು ಅಂದಾಗ ತಿಮ್ಮರಾಜು ಒಳಗೊಳಗೇ ನಕ್ಕಿದ್ದ. ಹಣೆ ತುಂಬ ವಿಭೂತಿ ಬಳಿದುಕೊಂಡ, ಅರವತ್ತು ದಾಟಿದ ಹೆಂಗಸಿಗೆ ಕಾರ್ಬುರೇಟರ್ ವಿಷಯ ಏನು ಗೊತ್ತು ಅಂತ. ನಗಬಾರದಿತ್ತು, ಪುಣ್ಯಾತ್ಮ! ಮೆಕ್ಯಾನಿಕ್ ಗಂಡ ಏಕಾಂತಯ್ಯನ ಶೆಡ್ಡಿಗೆ ಬುತ್ತಿ ತರುತ್ತಿದ್ದ ಆಕೆ, ಆತನ ಕೈ ನಡುಗತೊಡಗಿದಾಗ ಕಾರ್ಬುರೇಟರಿನ ಜೆಟ್ ಬಿಚ್ಚಿ ತೊಳೆಯಲು ಕೂತಳು. ಆತ ತೀರಿಕೊಂಡು ಹನ್ನೊಂದು ವರ್ಷವಾಯಿತು, ಆಕೆ ಇನ್ನೂ ಎದ್ದಿಲ್ಲ.

ಸ್ಕೂಟರು ತಿಮ್ಮರಾಜುವಿನ ಅಪ್ಪ ಮಾಯಣ್ಣನದು. ಅಪ್ಪ ಸತ್ತ ಮೇಲೆ ಮಗನೂ ಅದನ್ನು ಅಷ್ಟೇ ಮುದ್ದಿನಿಂದ ನೋಡಿಕೊಂಡ. ಪ್ರತಿ ಸೋಮವಾರ ತೊಳೆದು, ತುಕ್ಕು ಹಿಡಿಯದಿರಲೆಂದು ಪೆಟ್ರೋಲ್ ಮುಚ್ಚಳಕ್ಕೂ ಅಪ್ಪನ ಹಾಗೆಯೇ ಕೊಬ್ಬರಿ ಎಣ್ಣೆ ಸವರುತ್ತಿದ್ದ. ಆದರೂ ಅದು ಮೂರು ಮೈಲಿ ಹೋಗಿ ನಿಂತುಬಿಡುತ್ತಿತ್ತು. ಮೂವರು ಮೆಕ್ಯಾನಿಕ್‌ಗಳು ಕಾರ್ಬುರೇಟರ್ ತೊಳೆದು, ಕೊನೆಗೆ ಹೊಸದನ್ನೇ ಹಾಕಿ ಕೈಚೆಲ್ಲಿದ್ದರು. ಇವತ್ತೂ ಸರಿಹೋಗದಿದ್ದರೆ ಸಂಜೆ ಗುಜರಿಯವನ ಪಾಲು. ಮಾತು ಕೊಟ್ಟಾಗಿತ್ತು.

ದ್ರಾಕ್ಷಾಯಣಮ್ಮ ಸ್ಪ್ಯಾನರ್ ಮುಟ್ಟಲೇ ಇಲ್ಲ. "ನಿಂತ ಮೇಲೆ ಏನ್ ಮಾಡ್ತೀಯ?" ಅಂದಳು.

"ಪೆಟ್ರೋಲ್ ಐತಾ ಅಂತ ಮುಚ್ಚಳ ತೆಗ್ದು ನೋಡ್ತೀನಮ್ಮ. ಇರ್ತೈತೆ. ಮುಚ್ಚಿ ಕಿಕ್ ಹೊಡುದ್ರೆ ಸ್ಟಾರ್ಟಾಯ್ತದೆ. ತಿರ್ಗಾ ಮೂರು ಮೈಲಿ."

"ತೆಗ್ದಾಗ ಉಸ್ ಅಂತೈತಾ?"

ಅನ್ನುತ್ತಿತ್ತು! ಇವನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ತಿಮ್ಮರಾಜು ಹೌದೆಂದು ತಲೆಯಾಡಿಸಿದ.

ಆಕೆ ಸುಲಿದ ತೆಂಗಿನಕಾಯಿಯೊಂದನ್ನು ಎತ್ತಿಕೊಂಡು ಸ್ಕ್ರೂಡ್ರೈವರಿನಿಂದ ಒಂದು ಕಣ್ಣು ತೂತು ಮಾಡಿ ಬೋರಲು ಹಿಡಿದಳು. ನಾಲ್ಕು ಹನಿ ಬಿದ್ದು ನಿಂತಿತು. ಇನ್ನೊಂದು ಕಣ್ಣು ಚುಚ್ಚಿದಳು. ನೀರು ಧಾರೆಯಾಗಿ ಸುರಿಯಿತು.

"ಗಾಳಿ ಒಳಕ್ಕೋಗ್ದೆ ನೀರು ಇಳಿಯಲ್ಲ ಕಣಪ್ಪ. ಪೆಟ್ರೋಲೂ ಅಷ್ಟೇಯ. ಮುಚ್ಚಳದಾಗೊಂದು ಸಣ್ಣ ತೂತೈತೆ. ನಿನ್ನೆಣ್ಣೆಗೆ ತೆಂಗಿನ ನಾರಿನ ಧೂಳು ಮೆತ್ಕಂಡು ಮುಚ್ಚೋಗೈತೆ."

ಪರಕೆಯಿಂದ ಒಂದು ತೆಂಗಿನ ಕಡ್ಡಿ ಎಳೆದು ಮುಚ್ಚಳದ ತೂತಿಗೆ ಚುಚ್ಚಿದಳು. ಕಪ್ಪು ಜಿಡ್ಡು ಹೊರಬಂತು. ಅಷ್ಟೇ ರಿಪೇರಿ.

ತಿಮ್ಮರಾಜು ಮೂರು ಮೈಲಿ ದಾಟಿ ತುರುವೇಕೆರೆಯವರೆಗೆ ಹೋಗಿ ಬಂದ. ಸ್ಕೂಟರು ಒಮ್ಮೆಯೂ ಕೆಮ್ಮಲಿಲ್ಲ. ಗಾಡಿ ನಿಲ್ಲಿಸಿ ಆಕೆಗೆ ಕೈಮುಗಿದ.

"ಮಾಯಣ್ಣನ ಗಾಡಿ ಅಲ್ವಾ ಇದು. ನಿಮ್ಮಪ್ಪಂಗೂ ಹಿಂಗೇ ಆಗಿತ್ತು. ಎಣ್ಣೆ ಹಚ್ಚೋದು ಮಾತ್ರ ಬುಡಾಕಿಲ್ಲ ಅಂದ. ಹಂಗಾರೆ ಡಿಕ್ಕೀಲೊಂದು ಕಡ್ಡಿ ಮಡೀಕೋ ಅಂದಿದ್ದೆ. ಮಡೀಕಂಡಿದ್ನಾ?"

ಮಡಗಿಕೊಂಡಿದ್ದ. ಬಟ್ಟೆಯಲ್ಲಿ ಸುತ್ತಿ, ಜೋಪಾನವಾಗಿ. ತಿಥಿ ಮುಗಿದ ಮಾರನೆಯ ದಿನ ಡಿಕ್ಕಿ ಗುಡಿಸುವಾಗ, ಹಲ್ಲು ಕೆದಕುವ ಕಡ್ಡಿ ಅಂದುಕೊಂಡು ಎಸೆದವನು ತಿಮ್ಮರಾಜುವೇ.

"ಮಡೀಕಂಡಿದ್ದ ಅಮ್ಮ," ಎಂದಷ್ಟೇ ಹೇಳಿದ.

ಆಕೆ ಕೊಟ್ಟ ಕಡ್ಡಿಯನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡ. ಡಿಕ್ಕಿಯೊಳಗಿಟ್ಟು ಬೀಗ ಹಾಕಿದ.