ಗಿಲಕಿಯಮ್ಮ ಬರೆದ ಕಣ್ಣು

ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದವನು ಗಂಡ, ಹೆಸರು ಬಂದದ್ದು ಮಾತ್ರ ಹೆಂಡತಿಗೆ. ಹೆತ್ತವರು ಇಟ್ಟ ಹೆಸರೊಂದು ಅವಳಿಗಿತ್ತು, ಅದು ಕಾಗದಪತ್ರದಲ್ಲೇ ಉಳಿದುಹೋಯಿತು. ಬೀದಿಗೆಲ್ಲ ಅವಳು ಗಿಲಕಿಯಮ್ಮ. ಕ್ಯಾಮೆರಾದ ಪಕ್ಕ ನಿಂತು ತಗಡಿನ ಗಿಲಕಿ ಆಡಿಸಿ, ಕೂಸುಗಳ ಮುಖವನ್ನು ಲೆನ್ಸಿನ ಕಡೆ ತಿರುಗಿಸುವುದು ಅವಳ ಕೆಲಸ. ಅದೇನು ಮಹಾ ಎಂದು ಮೂಗು ಮುರಿಯುವವರು, ಹಲ್ಲು ಮೂಡುತ್ತಿರುವ ಒಂದು ಮಗುವನ್ನು ಐದು ನಿಮಿಷ ದೀಪದ ಮುಂದೆ ಕೂರಿಸಿ ನೋಡಲಿ.

ಇನ್ನೂ ಸರಿಯಾಗಿ ಕೂರಲು ಬಾರದ ಮಕ್ಕಳಿಗೆ ಗಂಡಹೆಂಡಿರು ಒಂದು ಉಪಾಯ ಕಂಡುಕೊಂಡಿದ್ದರು. ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ತಲೆಯಿಂದ ಪಾದದವರೆಗೆ ನೀಲಿ ಪರದೆ ಹೊದಿಸುವುದು, ಪರದೆಯೊಳಗಿಂದಲೇ ಅವಳು ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿಯುವುದು. ಚಿತ್ರದಲ್ಲಿ ತಾಯಿ ಮಂಗಮಾಯ, ಮಗು ಒಂಟಿಯಾಗಿ ದರ್ಬಾರು ನಡೆಸುತ್ತಿರುವಂತೆ ಕಾಣುತ್ತಿತ್ತು. ಪರದೆಯ ಅಂಚಿನಲ್ಲಿ ಅಪ್ಪಿತಪ್ಪಿ ತಾಯಿಯ ಬೆರಳು ಇಣುಕಿದರೆ ಗಿಲಕಿಯಮ್ಮ ಪ್ರಿಂಟಿನ ಅಂಚನ್ನೇ ಕತ್ತರಿಸಿಬಿಡುತ್ತಿದ್ದಳು. ಜೊಲ್ಲು, ಗೀರುಗಾಯ, ಅರೆಮುಚ್ಚಿದ ಕಣ್ಣು ಇವಕ್ಕೆಲ್ಲ ಮೂರೆಳೆಯ ಕುಂಚವೊಂದಿತ್ತು. ಒಳಗೆ ಬೆವರುತ್ತ ಕೂತ ತಾಯಂದಿರ ತಾಳ್ಮೆ ಕೆಡದಿರಲೆಂದು, ಮಗು ನೋಡಲಿ ಬಿಡಲಿ, "ನೋಡ್ತು, ನೋಡ್ತು" ಎಂದು ಕೂಗುವುದೂ ಅವಳಿಗೆ ರೂಢಿಯಾಗಿತ್ತು.

ಮೂವತ್ತು ವರ್ಷ ಗಿಲಕಿ ಆಡಿಸಿದವಳಿಗೆ ಮಕ್ಕಳ ಕಣ್ಣು ಅಂಗೈ ಗೆರೆಯಷ್ಟು ಪರಿಚಯ. ಎಡಕ್ಕೆ ಆಡಿಸಿದರೆ ಎಡಕ್ಕೆ, ಬಲಕ್ಕೆ ಆಡಿಸಿದರೆ ಬಲಕ್ಕೆ ತಿರುಗುವವೇ ಹೆಚ್ಚು. ಎಲ್ಲೋ ಒಂದೊಂದು ಮಗುವಿನ ಕಣ್ಣು ಮಾತ್ರ ದೀಪಕ್ಕೋ ಫ್ಯಾನಿಗೋ ಅಂಟಿಕೊಂಡರೆ ಅಂಟಿಕೊಂಡಂತೆಯೇ ಇರುತ್ತಿತ್ತು. ಗಿಲಕಿ ಕೇಳಿಸಿದಾಗ ಹುಬ್ಬು ಅಲುಗುವುದು, ಕಣ್ಣು ಬಿಡಿಸಿಕೊಂಡು ಬರುವುದಿಲ್ಲ. ಅಂಥವುಗಳಲ್ಲಿ ಎಷ್ಟೋ ಮಕ್ಕಳು ಮುಂದೆ ಎಲ್ಲರಂತೆ ಬೆಳೆದದ್ದನ್ನೂ ಅವಳು ಕಂಡಿದ್ದಳು, ಕೆಲವು ಹಾಗೆ ಬೆಳೆಯಲಿಲ್ಲ. ಇದಕ್ಕೆ ಹೆಸರೇನೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಳಿ ಹೆತ್ತವರ ಹೊಟ್ಟೆಗೆ ಬೆಂಕಿ ಹಾಕುವುದೇಕೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಹಿಂದಿನ ಓಣಿಯ ಟೈಲರ್ ಹೆಂಗಸು ಏಳು ತಿಂಗಳ ಮಗನನ್ನು ತಂದದ್ದು ಒಂದು ಬೆಳಿಗ್ಗೆ. ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತಾಡುತ್ತಿತ್ತು. ಅವಳನ್ನು ಪರದೆಯೊಳಗೆ ಕೂರಿಸಿ ದೀಪ ಹಾಕಿದ್ದೇ ತಡ, ಮಗುವಿನ ಕಣ್ಣು ಮೇಲೇರಿ ದೀಪದಲ್ಲಿ ನಾಟಿತು. ಗಿಲಕಿಯಮ್ಮ ಗಿಲಕಿ ಆಡಿಸಿದಳು, ಚಿಟಿಕೆ ಹೊಡೆದಳು, ಕೋಳಿಯ ಹಾಗೆ ಕೂಗಿದಳು. ಊಹೂಂ. ಗಂಡ ಒಂದು ರೀಲು ಪೂರ್ತಿ ಮುಗಿಸಿದ. ದೀಪ ಆರಿಸಿದೊಡನೆ ಮಗುವಿನ ಮೈ ಬಿಲ್ಲಿನಂತೆ ಬಾಗಿ ಸೆಟೆಯಿತು. ಆಮೇಲೆ ಅದು ಅತ್ತ ಅಳು, ಎದೆಗೆ ಹಾಕಿಕೊಂಡರೂ ಇಲ್ಲ, ಹೆಗಲಿಗೆ ಹಾಕಿಕೊಂಡರೂ ಇಲ್ಲ, ಮುಕ್ಕಾಲು ಗಂಟೆ ನಿಲ್ಲಲಿಲ್ಲ. ಅಷ್ಟರ ನಡುವೆಯೂ ತಾಯಿ ಆಸೆಯಿಂದ ಕೇಳಿದ್ದು ಒಂದೇ ಮಾತು, ನೋಡಿದನಾ ಎಂದು. ಗಿಲಕಿಯಮ್ಮ ನೋಡಿದ ಎಂದಳು.

ಹೇಳಿದ ಮೇಲೆ ನೋಡಿಸಲೇಬೇಕಲ್ಲ. ಅಂದು ಮಧ್ಯಾಹ್ನ ಅವಳು ಪ್ರಿಂಟಿನ ಮೇಲಿದ್ದ ಕಣ್ಣುಗಳನ್ನು ಮುಚ್ಚಿ, ಅದೇ ಜಾಗದಲ್ಲಿ ಹೊಸ ಕಣ್ಣು ಬರೆದಳು. ಎರಡು ಕಪ್ಪು ಚುಕ್ಕೆ, ಎರಡು ಬಿಳಿ ಮಿಂಚು. ಚಿತ್ರ ಹಿಡಿದವರನ್ನು ಮಗು ನೇರವಾಗಿ ನೋಡಿತು. ಗಂಡನೇ ಬೆರಗಾಗಿ, ಇದು ಬರೆದದ್ದೆಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ ಎಂದ.

ಮೂರು ವರ್ಷದ ಬಳಿಕ ಟೈಲರ್ ದಾರಿಯಲ್ಲಿ ಸಿಕ್ಕಳು. ಮಗನಿಗೆ ಮಾತು ಬಂದಿರಲಿಲ್ಲ, ಹೆಸರು ಹಿಡಿದು ಕೂಗಿದರೂ ತಿರುಗುತ್ತಿರಲಿಲ್ಲ. ಮೊಂಡನೆಂದು ಅತ್ತೆ ನಾಲ್ಕು ಬಾರಿಸಿದ್ದಳು. ಮಗು ಚಿಕ್ಕಂದಿನಲ್ಲಿ ಮುಖ ನೋಡುತ್ತಿತ್ತೇ ಎಂದು ಡಾಕ್ಟರ್ ಕೇಳಿದರಂತೆ, ಇವಳು ಮನೆಗೆ ಓಡಿ ಆ ಫೋಟೋ ತಂದು ತೋರಿಸಿದಳಂತೆ. ಹಾಗಿದ್ದರೆ ಗಾಬರಿ ಬೇಡ, ತಡವಾಗಿ ಮಾತು ಬರುತ್ತದೆ, ಕಾಯಿರಿ ಎಂದು ಕಳಿಸಿದರಂತೆ. ನಿಮ್ಮ ಫೋಟೋ ನನ್ನ ಜೀವ ಉಳಿಸಿತು ಎಂದು ಗಿಲಕಿಯಮ್ಮನ ಕೈ ಹಿಡಿದುಕೊಂಡಳು. ಆ ಕೈಯನ್ನು ಬಿಡಿಸಿಕೊಂಡು ಅವಳು ನೆಟ್ಟಗೆ ಸ್ಟುಡಿಯೋಗೆ ಬಂದಳು.

ಹೇಳಿಬಿಡುತ್ತೇನೆ ಎಂದಳು ಗಂಡನಿಗೆ. ಸ್ಟುಡಿಯೋ ಬಾಗಿಲು ಹಾಕಿಸುವ ಯೋಚನೆಯಾ ಎಂದು ಅವನು ಗದರಿದ. ಅವಳು ಹೇಳಲು ಹೋಗಲಿಲ್ಲ. ಗಂಡನಿಗೆ ಹೆದರಿ ಎಂದರೆ ಸುಳ್ಳಾಗುತ್ತದೆ, ಅವಳು ಹೆದರಿದ್ದು ಆ ತಾಯಿಯ ಮುಖಕ್ಕೆ. ಅಲ್ಲಿಂದ ಎರಡು ವರ್ಷ ಶೋಕೇಸಿನ ಮಕ್ಕಳೆಲ್ಲ ಅವಳನ್ನು ಹಿಂಬಾಲಿಸಿದವು. ಬಾಗಿಲು ತೆಗೆದರೆ ನಲವತ್ತು ಜೊತೆ ಕಣ್ಣು. ಇದರಲ್ಲಿ ಯಾವುವು ಮಕ್ಕಳವು, ಯಾವುವು ನನ್ನವು ಎಂದು ಎಣಿಸಲು ಹೋಗಿ ಅರ್ಧಕ್ಕೇ ಲೆಕ್ಕ ತಪ್ಪಿ, ಗಾಜಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದಳು.

ಕೊನೆಗೆ ಟೈಲರ್ ತಾನೇ ಬಂದಳು, ಕೈಯಲ್ಲಿ ಅದೇ ಫೋಟೋ. ಮಗನಿಗೆ ಐದು ತುಂಬಿತ್ತು. ಬೇರೊಂದು ಆಸ್ಪತ್ರೆಯವರು ಆಟಿಸಂ ಇರಬಹುದು ಎಂದಿದ್ದರು, ಹಸುಗೂಸಾಗಿದ್ದಾಗಿನ ಫೋಟೋ ಇದ್ದರೆ ತರಲು ಹೇಳಿದ್ದರು.

"ಇದನ್ನ ಇನ್ನೂ ದೊಡ್ಡದು ಮಾಡ್ಕೊಡಿ ಗಿಲಕಿಯಮ್ಮ," ಎಂದಳು. "ಕಣ್ಣು ಚೆನ್ನಾಗಿ ಕಾಣ್ಬೇಕು. ಅವರ ಬಾಯಿ ಮುಚ್ಚಿಸ್ಬೇಕು ನಾನು."

ದೊಡ್ಡದು ಮಾಡಬೇಕೆಂದರೆ ನೆಗೆಟಿವ್‌ನಿಂದ ಹೊಸದಾಗಿ ಪ್ರಿಂಟ್ ಹಾಕಬೇಕು. ನೆಗೆಟಿವ್‌ನಲ್ಲಿ ಮಗು ದೀಪ ನೋಡುತ್ತಿತ್ತು. ಅಂದರೆ ಆ ಕಣ್ಣನ್ನು ಇನ್ನೊಂದು ಸಲ ಬರೆಯಬೇಕು. ಗಿಲಕಿಯಮ್ಮ ಕುಂಚದ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು, ತೆಗೆಯಲಾಗಲಿಲ್ಲ.

"ಈ ಕಣ್ಣು ನಿನ್ನ ಮಗಂದಲ್ಲ ತಾಯಿ," ಎಂದಳು. "ನಾನು ಬರ್ದಿದ್ದು."

ಟೈಲರ್ ಕೊರಳ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ನಾನು ಪರದೆ ಒಳಗಿದ್ದೆ," ಎಂದಳು. "ನೋಡ್ದ ಅಂದ್ರಿ ನೀವು."

ಗಿಲಕಿಯಮ್ಮ ಎದ್ದು ಒಳಗೆ ಹೋದಳು. ನೆಗೆಟಿವ್ ಹುಡುಕಿ ಗಂಡನ ಕೈಗೆ ಕೊಟ್ಟು, ಒಂದಕ್ಷರ ಆಡದಂತೆ ಕಣ್ಣಲ್ಲೇ ತಡೆದಳು. ಪ್ರಿಂಟ್ ಒಣಗುವವರೆಗೂ ಇಬ್ಬರು ಹೆಂಗಸರೂ ಎದುರುಬದುರು ಕೂತಿದ್ದರು. ಅಂಚು ಕತ್ತರಿಸದ ಆ ಚಿತ್ರದಲ್ಲಿ ಮಗುವಿನ ಕಣ್ಣು ಎಲ್ಲೋ ಮೇಲಿತ್ತು. ಕೆಳಗಿನ ಮೂಲೆಯಲ್ಲಿ, ಪರದೆಯಿಂದ ಹೊರಬಂದ ತಾಯಿಯ ಬೆರಳೊಂದನ್ನು ಅದು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಟೈಲರ್ ತನ್ನ ಬೆರಳನ್ನು ಗುರುತಿಸಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು, ಅವಳದೇ. ಮೊದಲ ಸಲ ಅವಳ ಕಣ್ಣಲ್ಲಿ ನೀರು ಬಂತು.

"ಎರಡು ವರ್ಷ ಕಾದೆ," ಎಂದಳು. "ಹೊಡೆತ ತಿಂದ ಮಗು."

ಹೊಸ ಚಿತ್ರವನ್ನು ಚೀಲದಲ್ಲಿಟ್ಟುಕೊಂಡು, ಹಳೆಯದನ್ನು ಮೇಜಿನ ಮೇಲೆ ಬಿಟ್ಟು ಎದ್ದಳು.

"ಇದು ನೀವೇ ಇಟ್ಕೊಳ್ಳಿ. ಕಣ್ಣು ನಿಮ್ದೇ ಅಲ್ವಾ."

ಅವಳು ಹೋದ ಮೇಲೆ ಗಿಲಕಿಯಮ್ಮ ಆ ಫೋಟೋವನ್ನು ಗೋಡೆಗೆ ಒರಗಿಸಿದಳು. ಎಡಕ್ಕೆ ಸರಿದು ನಿಂತಳು, ಬಲಕ್ಕೆ ಸರಿದು ನಿಂತಳು. ಎರಡು ಕಡೆಯೂ ಆ ಕಣ್ಣು ಅವಳನ್ನೇ ನೋಡುತ್ತಿತ್ತು.