ನೆರೆಯವರು ಅಂದರೆ ಯಾರು?

ನಮ್ಮ ಜನರಲ್ ಪೇಪರ್ ಮೇಷ್ಟ್ರ ಬಲಗೈ ತೋರುಬೆರಳು ಸದಾ ಒದ್ದೆ. ಹಾಳೆ ಮಗುಚುವ ಮುನ್ನ ಅದನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುವುದು ಅವರ ಚಾಳಿ. ಎಷ್ಟು ವರ್ಷದ್ದೋ ಏನೋ, ಬೆರಳ ತುದಿಯ ಚರ್ಮ ನೀರಲ್ಲಿ ನೆನೆದ ಹಾಗೆ ಬೆಳ್ಳಗೆ ಸುಕ್ಕಾಗಿತ್ತು, ಅದರ ಮೇಲೊಂದು ಕೆಂಪು ಇಂಕಿನ ಕಲೆ. ಮುಂದಿನ ಬೆಂಚಿನ ಹುಡುಗಿಯರು ಅಸಹ್ಯಪಟ್ಟು ಮೂಗು ಮುರಿದರೆ ಅವರಿಗೆ ನಗು. "ಬರೆದೋರು ಬೆವರು ಸುರಿಸಿರ್ತಾರೆ ಕಣ್ರವ್ವಾ. ಓದೋರು ಒಂದು ಹನಿ ಉಗುಳಾದ್ರೂ ಖರ್ಚು ಮಾಡಬೇಕೋ ಬ್ಯಾಡ್ವೋ?" ಎನ್ನುತ್ತಿದ್ದರು.

ನಾನು ಬಿ.ಎಸ್ಸಿ. ಓದಿದ್ದು ಬೆಂಗಳೂರಿನ ಒಂದು ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ನಿಯಮವೇ ಹಾಗೆ: ಗಣಿತವಾಗಲಿ, ಕಾಮರ್ಸ್ ಆಗಲಿ, ಯಾರು ಏನೇ ಓದಲಿ, ಮೌಲ್ಯ, ಧರ್ಮ, ಸಮಾಜ ಎಂದು ಕೆಲವು ಸಾಮಾನ್ಯ ವಿಷಯಗಳನ್ನು ಎಲ್ಲರೂ ಓದಿ ಪಾಸು ಮಾಡಲೇಬೇಕು. ಇಲ್ಲವಾದರೆ ಗಣಿತದಲ್ಲಿ ನೂರಕ್ಕೆ ನೂರು ಬಂದರೂ ಪದವಿ ಇಲ್ಲ. ಹಾಸ್ಟೆಲಿನವರಾದ ನಾವು ಅದಕ್ಕೆ ಇಟ್ಟ ಹೆಸರು ಉಪ್ಪಿನಕಾಯಿ ಪೇಪರ್. ಈ ಹೆಸರು ಮೇಷ್ಟ್ರ ಕಿವಿಗೂ ಬಿದ್ದಿತ್ತು. ಸಿಟ್ಟಾಗಲಿಲ್ಲ. "ಉಪ್ಪಿನಕಾಯಿ ಇಲ್ದಿದ್ರೂ ಊಟ ಆಗ್ತೈತೆ ಬಿಡ್ರಿ. ಬಾಯಾಗೆ ನಾಲಿಗೆ ಐತೆ ಅನ್ನೋದು ಮಾತ್ರ ಗೊತ್ತಾಗಲ್ಲ" ಅಂದಿದ್ದರು. ಹಣೆಯ ಮೇಲೆ ಮೂರು ಬೆರಳ ವಿಭೂತಿ ಇಟ್ಟುಕೊಂಡು ಯೇಸುವಿನ ಕಥೆ ಹೇಳುತ್ತಿದ್ದ ಮನುಷ್ಯ ಅವರು. ವರ್ಷ ವರ್ಷ ಮುಂದುವರಿಸುವ ಗುತ್ತಿಗೆಯ ಕೆಲಸ ಅವರದು.

ಪರೀಕ್ಷೆಗೆ ಮುಂಚೆ ನಾನು ಅವರ ಜತೆ ಮಾತಾಡಿದ್ದು ಒಂದೇ ಒಂದು ಸಲ. ಕಾರಿಡಾರಿನಲ್ಲಿ ಗೆಳತಿಯನ್ನು "ಊರಿಗೆ ಹೋಗಾಕೆ ಬಸ್ ಐತೇನೇ?" ಎಂದು ಕೇಳುತ್ತಿದ್ದೆ. ಮುಂದೆ ಹೋಗುತ್ತಿದ್ದವರು ಗಕ್ಕನೆ ನಿಂತರು.

"ಯಾವೂರವ್ವಾ? ನಾಲಿಗೆ ನಮ್ಮ ಕಡೇದು ಐತಲ್ಲ!"

"ಹೊನ್ನಾಳಿ ಸರ್."

"ಹೊಳೆ ಕಡೆಯೋ, ಊರೊಳಗೋ?"

"ಹೊಳೆ ಕಡೆ."

"ನಂದು ಬಸವಾಪಟ್ಟಣ. ಹಂಗಾರೆ ಅಕ್ಕಪಕ್ಕದೋರೇ ಆದ್ವಿ ಬಿಡು" ಎಂದು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಬನ್ನು, ಚಹಾ ಕೊಡಿಸಿದರು. ಬನ್ನನ್ನು ಎರಡು ಮಾಡಿ ದೊಡ್ಡ ತುಂಡನ್ನು ನನ್ನ ಕಡೆ ತಳ್ಳಿದರು. ಇಷ್ಟಾದ ಮೇಲಾದರೂ ಕ್ಲಾಸಿಗೆ ನೆಟ್ಟಗೆ ಹೋಗಬೇಕಿತ್ತು ನಾನು. ಹೋಗಲಿಲ್ಲ. ಹಾಜರಿಗೆ ಎಷ್ಟು ಬೇಕೋ ಅಷ್ಟು ದಿನ ಹಿಂದಿನ ಬೆಂಚಿನಲ್ಲಿ ಕೂತು ತೊಡೆಯ ಮೇಲೆ ಗಣಿತ ಬಿಡಿಸಿದೆ. ನೆಟ್ಟಗೆ ಬಿ.ಇಡಿ. ಸೇರುವುದು, ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ ಆಗುವುದು, ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ನಮ್ಮವ್ವ ಆಗಲೇ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಪರೀಕ್ಷೆಗೆ ಬಂತು ನೋಡಿ ಪ್ರಶ್ನೆ. ಕನ್ನಡದಲ್ಲಿ ಬರೆಯುವವರಿಗೆ ಕನ್ನಡದ್ದೇ ಪ್ರಶ್ನೆಪತ್ರಿಕೆ ಇರುತ್ತಿತ್ತು. "ನೆರೆಯವರು ಅಂದರೆ ಯಾರು? ನಿಮ್ಮ ಅನುಭವದಿಂದ ವಿವರಿಸಿ."

ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕು ಬಿದ್ದವನೊಬ್ಬ, ನೋಡಿಯೂ ನೋಡದ ಹಾಗೆ ದಾಟಿ ಹೋದ ದೊಡ್ಡವರು, ನಿಂತು ಗಾಯ ಕಟ್ಟಿದ ಒಬ್ಬ ಪರಜಾತಿಯವನು. ಇಂಥವನೇ ನೆರೆಯವನು ಎನ್ನುವ ಯೇಸುವಿನ ಈ ಕಥೆಯನ್ನು ಮೇಷ್ಟ್ರು ಮೂರು ಕ್ಲಾಸು ಹೇಳಿದ್ದರಂತೆ. ನಾನು ಕೇಳಿದ್ದರೆ ತಾನೇ! ಹೊಳೆದಂಡೆಯವರಾದ ನಮಗೆ ಪಕ್ಕದ ಮನೆಯವರು ಪಕ್ಕದ ಮನೆಯವರೇ. ನೆರೆ ಅಂದರೆ ಹೊಳೆ ಉಕ್ಕಿ ಮನೆಗೆ ನುಗ್ಗುವ ನೀರು. ನೆರೆಯವರು ಅಂದರೆ ಪಾತ್ರೆ, ಹಾಸಿಗೆ ಹೊತ್ತು ಗಂಜಿ ಕೇಂದ್ರ ಸೇರುವವರು. ಅಂದರೆ ನಾವು. ನಾನು ಓದುತ್ತಿದ್ದ ಶಾಲೆಯೇ ಮಳೆಗಾಲದಲ್ಲಿ ನಮ್ಮ ಗಂಜಿ ಕೇಂದ್ರ. "ನೆರೆಯೋರು ಬಂದ್ರು, ಬೆಂಚು ಎತ್ರಪ್ಪೋ" ಎಂದು ನನ್ನದೇ ಕ್ಲಾಸಿನವರು ಕೂಗುತ್ತಿದ್ದರು. ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಪ್ರಶ್ನೆಪತ್ರಿಕೆಯಲ್ಲಿ ಅದನ್ನೇ ಕಂಡ ಮೇಲೆ ಬಿಟ್ಟೇನೆ? ನಾಲ್ಕು ಹಾಳೆ ಗೀಚಿದೆ.

ಫಲಿತಾಂಶ ಬಂತು. ಗಣಿತದಲ್ಲಿ ಡಿಸ್ಟಿಂಕ್ಷನ್, ಉಪ್ಪಿನಕಾಯಿಯಲ್ಲಿ ಫೇಲು. ಉತ್ತರ ಪತ್ರಿಕೆಯ ಝೆರಾಕ್ಸ್ ತೆಗೆಸಿ ನೋಡಿದರೆ ಆ ನಾಲ್ಕು ಹಾಳೆಗೆ ಸೊನ್ನೆ. ಪಕ್ಕದಲ್ಲಿ ಕೆಂಪು ಅಕ್ಷರ: ವಿಷಯಕ್ಕೆ ಸಂಬಂಧವಿಲ್ಲ. ಬಿ.ಇಡಿ. ಸೀಟು ಸಿಕ್ಕಿತ್ತು, ಪದವಿ ಪತ್ರ ಇಲ್ಲದಿದ್ದರೆ ಅದೂ ಕೈಬಿಟ್ಟ ಹಾಗೆ. ಅಳುತ್ತಲೇ ಸ್ಟಾಫ್ ರೂಮಿಗೆ ನುಗ್ಗಿದೆ.

ಮೇಷ್ಟ್ರು ಝೆರಾಕ್ಸ್ ಇಸಿದುಕೊಂಡು ಬೆರಳು ಒದ್ದೆ ಮಾಡಿಕೊಂಡರು. ಒಂದು ಹಾಳೆ, ಎರಡು, ಮೂರು. ನಾಲ್ಕನೆಯದಕ್ಕೆ ಬಂದಾಗ ಬೆರಳು ಅಲ್ಲೇ ನಿಂತಿತು. ಅದರಲ್ಲಿ ನಾನು ಒಬ್ಬ ಹೆಂಗಸಿನ ವಿಚಾರ ಬರೆದಿದ್ದೆ. ಒಂದು ವರ್ಷ ಎಲ್ಲರೂ ನಮ್ಮನ್ನು ಗಂಜಿ ಕೇಂದ್ರದ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದಾಗ, ಯಾವ ಓಣಿಯವಳೋ ಏನು ಜಾತಿಯೋ, ಒಬ್ಬಳು ಮಾತ್ರ ಒಳಗೆ ಬಂದು ತನ್ನ ಸೆರಗಿನಿಂದ ನನ್ನ ತಲೆ ಒರೆಸಿದ್ದಳು.

"ನಾನು ಮೂರು ಕ್ಲಾಸು ಒದರಿದ ಕಥೆ ಇದೇ ಕಣವ್ವಾ" ಎಂದರು ಮೇಷ್ಟ್ರು. "ಮೊದಲ್ನೇ ಹಾಳೆ ನೋಡಿ ಮಳೆ ನೀರಿನ ಪ್ರಬಂಧ ಅಂದ್ಕಂಡೆ. ಮಗುಚಲೇ ಇಲ್ಲ. ಉಗುಳು ಉಳಿಸ್ಕಂಡೆ ನೋಡು, ದರಿದ್ರದೋನು."

ಅಲ್ಲಿಂದ ಎದ್ದವರೇ ವಿಭಾಗದ ಮುಖ್ಯಸ್ಥರಾದ ಫಾದರ್ ಬಳಿ ಹೋಗಿ, ಓದದೆ ಸೊನ್ನೆ ಹಾಕಿದ್ದೇನೆ ಎಂದು ಬರೆದುಕೊಟ್ಟರು. ತಪ್ಪು ಒಪ್ಪಿಕೊಳ್ಳುವ ಮೇಷ್ಟ್ರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಎರಡು ದಿನ ಬಿಟ್ಟು ನನ್ನನ್ನೂ ಕರೆಸಿದರು. ಮೇಜಿನ ಆಚೆ ಫಾದರ್ ಮತ್ತು ಇನ್ನಿಬ್ಬರು, ಈಚೆ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು. ಮೇಷ್ಟ್ರು ತಮ್ಮ ಊರಿನ ಕಡೆಯ ಹುಡುಗಿ ಎಂದು ಅಂಕ ತಿದ್ದಲು ಹೊರಟಿದ್ದಾರೆ ಎಂಬ ಅನುಮಾನ ಆ ಮೂವರಿಗೆ.

"ಈ ಹುಡುಗಿ ನಿಮಗೆ ಪರಿಚಯವೇ?" ಎಂದು ಫಾದರ್ ಮೊದಲು ಮೇಷ್ಟ್ರನ್ನು ಕೇಳಿದರು.

"ಹೌದು ಫಾದರ್. ನಮ್ಮ ಕಡೆಯೋಳು. ಒಂದ್ಸಲ ಕೂತು ಚಹಾ ಕುಡಿದೀವಿ."

ಫಾದರ್ ನನ್ನ ಕಡೆ ತಿರುಗಿದರು. "ಇವರು ನಿನಗೆ ಗೊತ್ತೇನಮ್ಮ?"

ಹೌದು ಅಂದರೆ ಎಲ್ಲ ಕೆಡುತ್ತದೆ ಅನ್ನಿಸಿತು. ನನ್ನ ಬಾಯಿಗೆ ಮಣ್ಣು ಬೀಳಲಿ, "ಇಲ್ಲ ಫಾದರ್. ಇವರು ಯಾರೋ ನನಗೆ ಗೊತ್ತಿಲ್ಲ. ಯಾವತ್ತೂ ಮಾತಾಡಿಲ್ಲ" ಅಂದುಬಿಟ್ಟೆ.

ಮೇಷ್ಟ್ರು ನನ್ನ ಕಡೆ ನೋಡಿದರು. ಬಾಯಿ ತೆರೆದಿದ್ದರೆ ನಾನು ಸುಳ್ಳಿ ಎಂದು ಅಲ್ಲೇ ಗೊತ್ತಾಗುತ್ತಿತ್ತು, ಕ್ಯಾಂಟೀನಿನವನನ್ನು ಕರೆಸಿದ್ದರೂ ಸಾಕಿತ್ತು. ಅವರು ಸಣ್ಣಗೆ ತಲೆಯಾಡಿಸಿದರು. "ಇರಬಹುದು ಫಾದರ್. ಬೇರೆ ಯಾರನ್ನೋ ನೆನೆಸ್ಕಂಡು ಹೇಳಿರಬೇಕು. ವಯಸ್ಸಾತು ನೋಡ್ರಿ."

ಪತ್ರಿಕೆ ಇನ್ನೊಬ್ಬರ ಕೈಗೆ ಹೋಯಿತು. ಅವರು ನಾಲ್ಕೂ ಹಾಳೆ ಓದಿ ಪಾಸು ಮಾಡಿದರು. ಪದವಿ ಬಂತು, ಬಿ.ಇಡಿ. ಆಯಿತು. ಈಗ ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಮೇಷ್ಟ್ರಿಗೆ ಮರುವರ್ಷ ಕೆಲಸ ಮುಂದುವರಿಸಲಿಲ್ಲ. ಓದದೆ ಅಂಕ ಹಾಕುವವರು, ಮಾತು ಬದಲಿಸುವವರು ಎಂದು ಕಾರಣ ಕೊಟ್ಟರಂತೆ. ಓದದೆ ಹಾಕಿದ್ದು ಅವರ ತಪ್ಪು ನಿಜ. ಮಾತು ಬದಲಿಸುವ ಹಾಗೆ ಮಾಡಿದವಳು ನಾನು.

ಅವರು ಬಸವಾಪಟ್ಟಣಕ್ಕೆ ವಾಪಸು ಬಂದಿದ್ದು ಗೊತ್ತಾಗಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಹೋಗಿ ಬರುವ ಊರು. ಪ್ರತಿ ಭಾನುವಾರ ಒಂದು ನೆಪ: ಬಟ್ಟೆ ಒಗೆಯುವುದು, ಮಗಳಿಗೆ ನೆಗಡಿ, ಮೌಲ್ಯಮಾಪನ. ಹೋಗಿ ಏನಂತ ಹೇಳಲಿ? ಒಮ್ಮೆ ಆ ಊರಿನಿಂದಲೇ ಬರುವ ನಮ್ಮ ವಿಜ್ಞಾನದ ಮೇಷ್ಟ್ರ ಕೈಲಿ ಅವರೇ ಹೇಳಿ ಕಳಿಸಿದರು. "ಲೆಕ್ಕದ ಮೇಡಂಗೆ ಹೇಳ್ರಿ, ಉತ್ತರ ತಪ್ಪಿದ್ರೂ ಕೊನೇ ಹಾಳೆ ಮಗುಚಿ ನೋಡಾಕೆ ಹೇಳ್ರಿ." ಅವತ್ತು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯಲಾಗಲಿಲ್ಲ ನನಗೆ. ಆಗಲೂ ಹೋಗಲಿಲ್ಲ, ಎಂಥ ಕಲ್ಲುಮನಸ್ಸು ನೋಡಿ.

ಹೋಗಿದ್ದು ಹೋದ ವರ್ಷ, ಅದೇ ವಿಜ್ಞಾನದ ಮೇಷ್ಟ್ರು "ತೀರ್ಕಂಡ್ರಂತೆ" ಎಂದು ಫೋನು ಮಾಡಿದ ಮೇಲೆ. ಪಡಸಾಲೆಯಲ್ಲಿ ಮೇಷ್ಟ್ರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಯ ತುಂಬ ವಿಭೂತಿ. ಬಾಗಿಲಲ್ಲೇ ನಿಂತಿದ್ದ ನನ್ನನ್ನು ಒಬ್ಬ ಹಿರಿಯರು ಕೇಳಿದರು.

"ಯಾರವ್ವಾ ನೀನು? ಮೇಷ್ಟ್ರು ನಿಂಗೆ ಗೊತ್ತೇನು?"

ಅದೇ ಪ್ರಶ್ನೆ.

"ಗೊತ್ತು" ಅಂದೆ. "ಚೆನ್ನಾಗಿ ಗೊತ್ತು. ನಾನು ಅವರ ನೆರೆಯವಳು."

"ಈ ಓಣ್ಯಾಗೆ ಯಾವತ್ತೂ ನೋಡಿಲ್ಲಲ್ಲವ್ವಾ" ಎಂದರು ಅವರು ಅನುಮಾನದಿಂದ.

ಗೋಡೆಯ ಪಕ್ಕ ಕೂತಿದ್ದ ಮೇಷ್ಟ್ರ ಹೆಂಡತಿ ತಲೆ ಎತ್ತಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೊನ್ನಾಳಿಯಾಕೆ ಅಲ್ಲೇನು? ನಾಲ್ಕು ಹಾಳೆ ಬರೆದಾಕೆ?" ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸರಿದು ಪಕ್ಕದಲ್ಲಿ ಜಾಗ ಮಾಡಿದರು. "ಬಾ, ಕುಂದ್ರು. ಬರ್ತಾಳೆ ಬರ್ತಾಳೆ ಅಂತಿದ್ರು."

ಕೂತೆ. ಮೇಷ್ಟ್ರ ಬಲಗೈ ತೊಡೆಯ ಮೇಲಿತ್ತು. ತೋರುಬೆರಳು ಒಣಗಿತ್ತು.