ಅಪ್ಪನ ರುಮಾಲು ಕೆಂಪಾದ ದಿನ

ನಾನು ಚಿಕ್ಕವಳಿದ್ದಾಗ, ಅಂದರೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ತಪ್ಪು ಹೇಳಿ ದಿನಾ ಕಿವಿ ಹಿಂಡಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ಇಡೀ ಹಟ್ಟಿಯನ್ನು ನಡುಗಿಸಿಬಿಟ್ಟಿದ್ದೆ. ಬೇಕೂಂತ ಮಾಡಿದ್ದಲ್ಲ, ನನ್ನಾಣೆ. ಒಂದು ಸಾಬೂನಿನಿಂದ ಆದದ್ದು. ನಗಬೇಡಿ ಮಕ್ಕಳೇ, ಪೂರ್ತಿ ಕೇಳಿ.

ನಮ್ಮದು ಹರಿಯಬ್ಬೆ ಕಡೆಯ ಒಂದು ಸಣ್ಣ ಹಟ್ಟಿ. ಮನೆಮನೆಗೂ ಕುರಿ. ಬೆಳಗಾದರೆ ಮರಿಗಳ ಅರಚಾಟ, ಹಿಕ್ಕೆಯ ವಾಸನೆ, ಒಲೆಯಿಂದ ಸುಟ್ಟ ರೊಟ್ಟಿಯ ಘಮ. ವರ್ಷಕ್ಕೊಮ್ಮೆ ಮನೆದೇವರ ಪೂಜೆ. ಅವತ್ತು ಕರಿ ಕಂಬಳಿ ಹಾಸಿ ಗದ್ದಿಗೆ ಮಾಡಿ ಭಂಡಾರ ಎರಚುತ್ತಿದ್ದರು. ಭಂಡಾರ ಅಂದರೆ ದೇವರ ಅರಿಶಿನ ಪುಡಿ. ಮೂಗಿಗೆ ಹೋಗಿ ಸೀನು ಬರುತ್ತಿತ್ತು, ಸೀನಿದರೆ ಅವ್ವ ಕಣ್ಣು ಕೆಕ್ಕರಿಸುತ್ತಿದ್ದಳು. ಪೂಜೆ ಮಾಡುವವನು ನಮ್ಮಪ್ಪ. ಅವನು ತಲೆಗೆ ಸುತ್ತುವ ಬಿಳಿ ರುಮಾಲು ವರ್ಷವರ್ಷದ ಭಂಡಾರ ಮೆತ್ತಿ ಅಲ್ಲಲ್ಲಿ ಹಳದಿಯಾಗಿತ್ತು. ಅದನ್ನು ಅಂಟುವಾಳದ ಕಾಯಿ ನೆನೆಸಿ, ಆ ನೊರೆಯಲ್ಲಿ ಮಾತ್ರ ಒಗೆಯುವುದು ನಮ್ಮ ಮನೆಯ ರೂಢಿ. ಕಲೆ ಹೋಗುತ್ತಿರಲಿಲ್ಲ. ದೇವರ ಗುರುತು, ಇರಲಿ ಅಂತ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಆ ವರ್ಷ ಪೂಜೆಯ ಮಾರನೇ ದಿನವೇ ಅಕ್ಕ ಹಿರಿಯೂರಿಗೆ ಹೊರಡುವವಳಿದ್ದಳು. ಏಳನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದಿದ್ದಳು. ಹೈಸ್ಕೂಲಿಗೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತ್ತು. ನಮ್ಮ ಹಟ್ಟಿಯಿಂದ ಅಷ್ಟು ದೂರ ಓದಲು ಹೋದ ಹುಡುಗಿ ಅಲ್ಲಿಯವರೆಗೆ ಒಬ್ಬಳೂ ಇರಲಿಲ್ಲ. ಅಪ್ಪ ಹೂಂ ಅಂದಿದ್ದ. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಉಹೂಂ ಅಂದಿದ್ದ. ಅಕ್ಕ ಯಾರ ಮಾತಿಗೂ ಕಿವಿಗೊಡದೆ ತಗಡಿನ ಪೆಟ್ಟಿಗೆಗೆ ಬಟ್ಟೆ ತುಂಬಿಕೊಂಡು ಕೂತಿದ್ದಳು.

ಪೂಜೆಯ ಬೆಳಿಗ್ಗೆ ರುಮಾಲು ಒಗೆಯುವ ಕೆಲಸ ನನ್ನ ಪಾಲಿಗೆ ಬಂತು. ಅಂಟುವಾಳ ನೆನೆಸಿಟ್ಟಿದ್ದರು. ಆದರೆ ನನ್ನ ಕಣ್ಣು ಬಿದ್ದದ್ದು ಅಪ್ಪ ಸಂತೆಯಿಂದ ತಂದಿದ್ದ ಬಟ್ಟೆ ಸಾಬೂನಿನ ಮೇಲೆ. ಇವತ್ತು ಅಪ್ಪನ ರುಮಾಲನ್ನು ಹಾಲಿನ ಹಾಗೆ ಬೆಳ್ಳಗೆ ಮಾಡಿ ಎಲ್ಲರಿಂದ ಭೇಷ್ ಅನ್ನಿಸಿಕೊಳ್ಳಬೇಕು ಅಂತ ಆಸೆ. ಬಾವಿಕಟ್ಟೆಯ ಕಲ್ಲಿನ ಮೇಲೆ ಹಾಸಿ, ಎರಡೂ ಕೈಯಲ್ಲಿ ಸಾಬೂನು ಹಿಡಿದು ಉಜ್ಜಿದೆ ನೋಡಿ, ಹಳದಿ ಕಲೆ ನನ್ನ ಕಣ್ಣೆದುರೇ ಕೆಂಪಾಯಿತು. ಇನ್ನೂ ಉಜ್ಜಿದೆ. ಇನ್ನೂ ಕೆಂಪು. ಸಾಬೂನು ಸರಿಯಾಗಿ ಜಾಲಿಸುವ ಬುದ್ಧಿಯೂ ಬರಲಿಲ್ಲ. "ಅವ್ವಾ!" ಅಂತ ಕಿರುಚಿ, ಸಾಬೂನನ್ನು ಕಲ್ಲಿನ ಹಿಂದೆ ಬಚ್ಚಿಟ್ಟುಬಿಟ್ಟೆ. ಕಳ್ಳಬುದ್ಧಿ, ಇನ್ನೇನು!

ಮೊದಲು ಓಡಿ ಬಂದವನು ದೊಡ್ಡಪ್ಪ. ರುಮಾಲು ಎತ್ತಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ರಕ್ತ ಕಣ್ರೋ! ದೇವ್ರ ರುಮಾಲಲ್ಲಿ ರಕ್ತ ಐತೆ!" ಅಂತ ಕೂಗಿದ. ಆಮೇಲೆ ಅಪ್ಪನ ಕಡೆ ತಿರುಗಿ, "ನಾನು ಬಡ್ಕಂಡೆ, ನೀನು ಕೇಳ್ಲಿಲ್ಲ. ಹೆಣ್ಣುಡುಗೀನ ಊರು ಬಿಡಿಸಬ್ಯಾಡ ಅಂತ ದೇವ್ರೇ ಹೇಳೈತೆ ನೋಡು" ಅಂದ.

ಹಟ್ಟಿಯವರೆಲ್ಲ ಸೇರಿದರು. ಯಾರೂ ರುಮಾಲು ಮುಟ್ಟಲಿಲ್ಲ. ಕೊನೆಗೆ ಅಪ್ಪ ಅಕ್ಕನ ಮುಖ ನೋಡದೆಯೇ, "ಈ ವರ್ಷ ಬ್ಯಾಡ ಬಿಡವ್ವ" ಅಂದ. ಅಕ್ಕ ಅಳಲಿಲ್ಲ. ಪೆಟ್ಟಿಗೆಯ ಹತ್ತಿರ ಹೋಗಿ ಸುಮ್ಮನೆ ಅದರ ಮೇಲೆ ಕೈಯಿಟ್ಟು ನಿಂತಳು. ಹೇಳಿದರೆ ಏಟು, ಹೇಳದಿದ್ದರೆ ಅಕ್ಕನ ಓದು ಮಣ್ಣುಪಾಲು. ಏಟೇ ವಾಸಿ ಅಂತ ಓಡಿ ಹೋಗಿ ಅವಳ ಲಂಗ ಹಿಡಿದು, "ಅಕ್ಕಾ, ನಾನು ಸಾಬೂನು ಹಾಕ್ದೆ" ಅಂದುಬಿಟ್ಟೆ.

ಅಕ್ಕ ನನ್ನನ್ನು ಹೊಡೆಯಲಿಲ್ಲ. "ಸಾಬೂನಾ?" ಅಂದವಳು ಹಾಗೇ ನಿಂತಳು. ಅದೇ ಹೊತ್ತಿಗೆ ಒಳಗೆ ಅವ್ವ, ಕಣ್ಣೊರೆಸಿಕೊಳ್ಳುತ್ತಲೇ, ಪೂಜೆಗೆ ಆರತಿ ನೀರು ಕಲೆಸುತ್ತಿದ್ದಳು. ತಟ್ಟೆಯಲ್ಲಿ ನೀರು, ನೀರಿಗೆ ಅರಿಶಿನ, ಅದಕ್ಕೆ ಎಲೆಅಡಿಕೆಯ ಸುಣ್ಣ ಒಂದು ಚೂರು. ಬೆರಳಾಡಿಸಿದ ಕೂಡಲೇ ಹಳದಿ ನೀರು ಕೆಂಪಾಯಿತು. ಯಾವ ಮನೆಯಲ್ಲಿ ಕಲೆಸುವುದಿಲ್ಲ ಹೇಳಿ ಆರತಿ ನೀರು? ಮದುವೆಗೆ, ಬಾಣಂತಿಗೆ, ಹೊಸ ಎತ್ತಿಗೆ, ಎಲ್ಲದಕ್ಕೂ ಅದೇ ನೀರು. ದೊಡ್ಡಪ್ಪ ಎಷ್ಟು ಆರತಿ ಎತ್ತಿಸಿಕೊಂಡಿದ್ದನೋ! ಅಷ್ಟು ಸಲ ನೋಡಿದವರಿಗೂ ತಟ್ಟೆಯಲ್ಲಿ ಮಂಗಳವಾಗಿ ಕಂಡ ಕೆಂಪೇ ಬಟ್ಟೆಯ ಮೇಲೆ ಬಂದಾಗ ರಕ್ತವಾಗಿ ಕಂಡಿತು.

ಆ ತಟ್ಟೆ ನೋಡಿ ಅಕ್ಕನ ಕಣ್ಣು ಅಗಲವಾಯಿತು. ಅವರ ಮೇಷ್ಟ್ರು ಒಂದು ಸಲ ಚಿತ್ರದುರ್ಗದಿಂದ ನೀಲಿ ಕಾಗದದ ಚೂರು ತಂದು ಹುಣಸೆ ರಸಕ್ಕೆ ಅದ್ದಿದ್ದರಂತೆ. ಕಾಗದ ಕೆಂಪಾಯಿತಂತೆ. ಸುಣ್ಣದ ತಿಳಿಗೆ ಅದ್ದಿದರೆ ಮತ್ತೆ ನೀಲಿ. "ಹುಳಿ ಒಂದು ಜಾತಿ, ಸುಣ್ಣ ಸಾಬೂನು ಇನ್ನೊಂದು ಜಾತಿ. ಒಂದು ಮಾಡಿದ್ದನ್ನ ಇನ್ನೊಂದು ಕೆಡಿಸ್ತೈತೆ" ಅಂತ ಅಕ್ಕ ನನ್ನ ಭುಜ ಅಲ್ಲಾಡಿಸಿ ಹೇಳಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ. ದೇವರ ಮುಂದಿಟ್ಟಿದ್ದ ನಿಂಬೆಹಣ್ಣುಗಳಲ್ಲಿ ಒಂದನ್ನು ಎತ್ತಿಕೊಂಡು ಅವಳು ಹೊರಗೆ ಓಡಿದಳು. ಅವ್ವ "ಅಯ್ಯಯ್ಯೋ, ದೇವ್ರದ್ದು ಕಣೇ!" ಅಂತ ಹಿಂದೆಯೇ ಓಡಿದಳು.

ಜಗಲಿಯ ಮೇಲೆ ರುಮಾಲು ಹರಡಿ, ಹಣ್ಣು ಕೊಯ್ದು, ಅಕ್ಕ ಅದನ್ನು ದೊಡ್ಡಪ್ಪನ ಕೈಗೇ ಕೊಟ್ಟಳು. "ನೀನೇ ಹಿಂಡು ದೊಡ್ಡಪ್ಪ. ದೇವ್ರು ಸಿಟ್ಟಾಗಿದ್ರೆ ಕೆಂಪು ಹಾಗೇ ಇರ್ತೈತೆ. ಹೋದ್ರೆ ನಾಳೆ ನಾನು ಹೋಗ್ತೀನಿ."

ಎಂಥ ಧೈರ್ಯ ಅಂತೀರಿ! ದೊಡ್ಡಪ್ಪ ಹೋಳು ಹಿಡಿದು ರುಮಾಲಿನ ಮೇಲೆ ಬಾಗಿದ. ಹಿಂಡಿದ. ರಸ ಬಿದ್ದ ಕಡೆ ಕೆಂಪು ಕರಗಿ, ಸೇವಂತಿಗೆ ಹೂವಿನಷ್ಟು ಚೆಂದದ ಹಳದಿ ಬಂತು. ಇನ್ನೊಂದು ಕಡೆ ಹಿಂಡಿದ. ಅಲ್ಲೂ ಹಳದಿ. ದೊಡ್ಡಪ್ಪ ಬಾಯಿ ತೆರೆದವನು ಮುಚ್ಚಲೇ ಇಲ್ಲ. ನಾನು ಕಲ್ಲಿನ ಹಿಂದಿನ ಸಾಬೂನು ತಂದುಕೊಟ್ಟೆ. ಅಕ್ಕ ಉಜ್ಜಿದಳು, ಕೆಂಪು. ನಿಂಬೆ ಹಿಂಡಿದಳು, ಹಳದಿ.

ದೊಡ್ಡಪ್ಪ ತನ್ನ ಪಂಚೆಯ ಅಂಚಿಗೆ ತಾನೇ ಭಂಡಾರ ಮೆತ್ತಿಕೊಂಡು, ತಾನೇ ಸಾಬೂನು ಉಜ್ಜಿ, ತಾನೇ ಹುಳಿ ಹಿಂಡಿ, ಮೂರು ಸಲ ನೋಡಿದ. ನಾಲ್ಕನೇ ಸಲಕ್ಕೆ ಗಹಗಹಿಸಿ ನಕ್ಕ. "ಲೇ, ಈ ಹುಡುಗಿ ನಮ್ಮನ್ನೆಲ್ಲ ಪೆದ್ದರನ್ನ ಮಾಡ್ಬಿಟ್ಳಲ್ಲೋ! ಕಳಿಸಪ್ಪ, ಕಳಿಸು!" ಅಂದ. ಅಪ್ಪ ಅಕ್ಕನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ, ಅಷ್ಟು ದೊಡ್ಡವಳನ್ನು! ಹಟ್ಟಿಯ ಮಕ್ಕಳೆಲ್ಲ ಮಜ್ಜಿಗೆ, ಹುಣಸೆ, ಒಲೆಯ ಬೂದಿ, ಸಿಕ್ಕಿದ್ದನ್ನೆಲ್ಲ ಅರಿಶಿನಕ್ಕೆ ಹಾಕಿ ನೋಡಿದೆವು. ಬೂದಿ ನೀರು ಕೆಂಪು ಮಾಡಿತು, ಮಜ್ಜಿಗೆ ಹಳದಿಗೆ ತಿರುಗಿಸಿತು. ಸುಣ್ಣ ಮಾತ್ರ ಅಕ್ಕ ನಮ್ಮ ಕೈಗೆ ಕೊಡಲಿಲ್ಲ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ ಅಂತ ಗದರಿದಳು. ನೀವೂ ನೆನಪಿಡಿ. ಮಾರನೇ ದಿನ ಅಕ್ಕ ಬಸ್ಸು ಹತ್ತಿದಳು. ಅವಳ ಪೆಟ್ಟಿಗೆ ಹೊತ್ತು ರಸ್ತೆಯವರೆಗೆ ಹೋದವನು ದೊಡ್ಡಪ್ಪನೇ.

ಹುಳಿ ಜಾತಿಗೆ ಆಮ್ಲ ಅಂತಲೂ, ಸುಣ್ಣ ಸಾಬೂನಿನ ಜಾತಿಗೆ ಪ್ರತ್ಯಾಮ್ಲ ಅಂತಲೂ, ಬಣ್ಣ ಬದಲಿಸಿ ಗುರುತು ಹೇಳುವ ಅರಿಶಿನದಂಥದ್ದಕ್ಕೆ ಸೂಚಕ ಅಂತಲೂ ಹೆಸರಿದೆಯೆಂದು ನನಗೆ ತಿಳಿದದ್ದು ಐದು ವರ್ಷದ ಮೇಲೆ. ಅದೇ ಹಾಸ್ಟೆಲಿನಲ್ಲಿ, ಅದೇ ಹೈಸ್ಕೂಲಿನಲ್ಲಿ. ನನ್ನನ್ನು ಕಳಿಸುವಾಗ ಯಾರೂ ಚಕಾರ ಎತ್ತಲಿಲ್ಲ.

ಈಗ ನಿಮ್ಮ ಶಾಲೆಯಲ್ಲಿ ಗಾಜಿನ ನಳಿಗೆಗಳಿವೆ, ಬಿಳಿ ಕೋಟು ಇದೆ, ಫೋನಿನಲ್ಲಿ ಬೆರಳಾಡಿಸಿದರೆ ಬೇಕಾದ ಪ್ರಯೋಗ ಕಾಣುತ್ತದೆ. ನನಗೆ ಹೊಟ್ಟೆಕಿಚ್ಚೇ, ಸುಳ್ಳು ಯಾಕೆ ಹೇಳಲಿ? ಮೊನ್ನೆ ನಮ್ಮ ದೊಡ್ಡ ಮೊಮ್ಮಗಳು ಊಟಕ್ಕೆ ಕೂತಾಗ, ತುತ್ತು ಬಾಯಲ್ಲಿಟ್ಟುಕೊಂಡೇ, "ಅಜ್ಜಿ, ಕೆಮಿಸ್ಟ್ರಿ ಓದೋಕೆ ಮೈಸೂರಲ್ಲಿ ಸೀಟು ಸಿಕ್ತು, ಸ್ವಲ್ಪ ಉಪ್ಪು ಕೊಡು" ಅಂದಳು. ಅವರಪ್ಪ ಉಪ್ಪು ಸರಿಸಿದ. ಅಷ್ಟೇ. ನಾನು ಕೈ ತೊಳೆದುಕೊಂಡು ಹೋಗಿ ಅಕ್ಕನಿಗೆ ಫೋನು ಮಾಡಿ ಸೀಟಿನ ಸುದ್ದಿ ಹೇಳಿದೆ.

"ಯಾರೂ ಏನೂ ಅನ್ಲಿಲ್ವಾ?" ಅಂತ ಕೇಳಿದಳು.

"ಇಲ್ಲ ಕಣಕ್ಕ. ಯಾರೂ ಏನೂ ಅನ್ಲಿಲ್ಲ."

"ಗೆದ್ವಿ ಬಿಡೇ!" ಅಂದಳು.